ಕಾಯಂ ವಿಳಾಸದ ಜಾಗದಲ್ಲಿ ಒಂದು ಗೆರೆ

ಮಸ್ಕತ್‌ನ ಬೌಷರಿನಲ್ಲಿರುವ ನನ್ನ ಅಂಗಡಿಯಲ್ಲಿ ಝೆರಾಕ್ಸ್ ಇದೆ, ಪಾಸ್‌ಪೋರ್ಟ್ ಫೋಟೊ ತೆಗೆಯುತ್ತೇವೆ, ಅರಬಿ ಇಂಗ್ಲಿಷ್ ಎರಡರಲ್ಲೂ ಟೈಪಿಂಗ್ ಮಾಡಿಕೊಡುತ್ತೇವೆ, ವೀಸಾ ಅರ್ಜಿ ತುಂಬಿಕೊಡುತ್ತೇವೆ, ಸ್ಕೂಲ್ ಮಕ್ಕಳಿಗೆ ಚಾರ್ಟ್ ಪೇಪರ್ ಕೂಡ ಮಾರುತ್ತೇವೆ. ಲ್ಯಾಮಿನೇಷನ್ ಮಾತ್ರ ಇಲ್ಲ. ಮೇಲಿನ ಮಹಡಿಯ ಆಫೀಸಿನಲ್ಲಿ ಕೆಲಸ ಮಾಡುವ ಉಡುಪಿ ಕಡೆಯ ರೋನಿ ಬಂದಾಗಲೆಲ್ಲ ನನ್ನನ್ನು ಕೆಣಕುತ್ತಾರೆ. "ಎಂತ ಹಮೀದ್ ಭಾಯ್, ಚಾ ಇಲ್ಲದ ಹೋಟೆಲ್ ಆಯ್ತಲ್ಲ ನಿಮ್ಮದು?" ಮಿಷನ್ ರಿಪೇರಿಗೆ ಹೋಗಿದೆ ಎನ್ನುತ್ತೇನೆ. ಒಂದು ವರ್ಷದಿಂದ ಅದು ರಿಪೇರಿಗೆ ಹೋಗಿದೆ. ನಿಜ ಹೇಳಬೇಕೆಂದರೆ, ಆ ಮಿಷನ್ನನ್ನು ನಾನೇ ಮಾರಿದೆ.

ಹೋದ ವಾರ ಮಗಳು ಅಫ್ರಾಳ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಬಂತು. ಅಪ್ಪನ ಅಂಗಡಿಯಲ್ಲಿ ಇಲ್ಲದ್ದನ್ನು ಹುಡುಕಿಕೊಂಡು ಹೋಗಿ, ಪಕ್ಕದ ಬೀದಿಯಲ್ಲಿ ಅದಕ್ಕೆ ಲ್ಯಾಮಿನೇಷನ್ ಮಾಡಿಸಿ, ಓಡಿಬಂದು ನನ್ನ ಕೆನ್ನೆಗೆ ಹಿಡಿದಳು. "ಉಪ್ಪಾ, ಫೀಲ್ ಇಟ್, ಸ್ಟಿಲ್ ವಾರ್ಮ್!" ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ನಾನು ಅವಳಿಗೆ ಬೈದೆ. ಎಲ್ಲರೆದುರು, ಜೋರಾಗಿ ಬೈದೆ. ಒರಿಜಿನಲ್‌ಗೆ ಯಾರಾದರೂ ಪ್ಲಾಸ್ಟಿಕ್ ಹಚ್ಚುತ್ತಾರಾ, ನಾಳೆ ಅಟೆಸ್ಟೇಷನ್‌ಗೆ ಕೊಟ್ಟರೆ ತಗೊಳ್ಳುತ್ತಾರಾ ಎಂದೆಲ್ಲ ಕೂಗಾಡಿದೆ. ಅವಳು ಕಣ್ಣು ತುಂಬಿಕೊಂಡು, "ಇಟ್ಸ್ ಜಸ್ಟ್ ಪ್ಲಾಸ್ಟಿಕ್, ಉಪ್ಪಾ," ಅಂದಳು. ಪಾಪದ ಹುಡುಗಿ. ಆ ಬೈಗುಳ ಸೇರಬೇಕಾದದ್ದು ನನಗೆ. ಅದನ್ನು ಯಾರಿಗೂ ಹೇಳಿಲ್ಲ, ಈಗ ಬರೆಯುತ್ತಿದ್ದೇನೆ.

ಬೌಷರಿಗೆ ಬರುವ ಮೊದಲು ನನ್ನ ಅಂಗಡಿ ಮಸ್ಕತ್‌ನದ್ದೇ ಹೊರವಲಯದ ಅಲ್ ಮಬೇಲಾದಲ್ಲಿತ್ತು. ಒಂದು ಪಕ್ಕ ಟಯರ್ ಅಂಗಡಿ, ಇನ್ನೊಂದು ಪಕ್ಕ ಅಲ್ಯೂಮಿನಿಯಂ ಕಿಟಕಿ ಬಾಗಿಲು ಮಾಡುವ ವರ್ಕ್‌ಶಾಪು. ಬೆಳಗ್ಗೆ ಎಂಟಕ್ಕೆ ಅಲ್ಲಿ ಕಟ್ಟಿಂಗ್ ಮಿಷನ್ ಸುರುವಾದರೆ ಮಧ್ಯಾಹ್ನದ ಊಟದವರೆಗೆ ಕಿವಿಗೆ ಬಿಡುವಿಲ್ಲ. ಆ ವರ್ಕ್‌ಶಾಪಿನಲ್ಲಿ ಅಳತೆ ತೆಗೆದು ನಕ್ಷೆ ಬರೆಯುವವರು ಅಬು ಯೂಸುಫ್. ಮಗ ಯೂಸುಫ್ ಎಲ್ಲೋ ಯುರೋಪಿನಲ್ಲಿದ್ದ. ಹೆಂಡತಿ ತೀರಿಹೋಗಿದ್ದರು. ವಯಸ್ಸು ಅರುವತ್ತು ದಾಟಿತ್ತು, ಅಂಗಿಯ ಜೇಬಿನಲ್ಲಿ ಯಾವಾಗಲೂ ಅಳತೆಯ ಟೇಪು ಇರುತ್ತಿತ್ತು. ಮೊದಲ ಸಲ ನನ್ನ ಅಂಗಡಿಗೆ ಬಂದವರೇ ಕೌಂಟರ್ ಅಳೆದು, ಒಂದು ಬದಿ ಎರಡು ಸೆಂಟಿಮೀಟರ್ ತಗ್ಗಿದೆ ಅಂದರು. ನೋಡಿದರೆ ಹೌದು.

ಅವರ ಅರಬಿ ಶುದ್ಧ, ನನ್ನದು ಅಂಗಡಿಯ ಅರಬಿ. ನನಗೆ ತೋಚದ ಕಡೆ ಇಂಗ್ಲಿಷ್ ಸೇರಿಸಿ ಮಾತಾಡುತ್ತಿದ್ದೆವು. ಹಾಗಾಗಿ ಇಲ್ಲಿ ಅವರ ಮಾತನ್ನೆಲ್ಲ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅವರ ಕೈಯಲ್ಲಿ ಪಾಸ್‌ಪೋರ್ಟ್ ಇರಲಿಲ್ಲ. ಲೆಬನಾನ್ ದೇಶ ಅಲ್ಲಿನ ಪ್ಯಾಲೆಸ್ತೀನಿ ನಿರಾಶ್ರಿತರಿಗೆ ಕೊಡುವ ಪ್ರಯಾಣದ ಪುಸ್ತಕ ಇತ್ತು. ಅವರು ಹುಟ್ಟಿದ್ದು ಅಲ್ಲಿನ ನಿರಾಶ್ರಿತರ ಶಿಬಿರದಲ್ಲಿ. ಅಪ್ಪ ಅಮ್ಮ ಅಲ್ಲಿಗೆ ಬಂದದ್ದು ೧೯೪೮ರಲ್ಲಿ, ಆ ವರ್ಷದ ಯುದ್ಧದಲ್ಲಿ ಮನೆ ಬಿಡಬೇಕಾಗಿ ಬಂದು, ಪ್ಯಾಲೆಸ್ತೀನಿನ ಸಫದ್ ಕಡೆಯ ಒಂದು ಹಳ್ಳಿಯಿಂದ. ವೀಸಾ ನವೀಕರಣಕ್ಕೆ ಬಂದಾಗಲೆಲ್ಲ ಕಾಯಂ ವಿಳಾಸದ ಜಾಗದಲ್ಲಿ ಆ ಹಳ್ಳಿಯ ಹೆಸರು ಹಾಕು ಎನ್ನುತ್ತಿದ್ದರು. ನಾನು ಹಾಕುತ್ತಿರಲಿಲ್ಲ. ಆ ಹಳ್ಳಿ ಈಗ ಇಲ್ಲ, ಮನೆಗಳನ್ನು ಕೆಡವಿ ಪೈನ್ ಮರ ನೆಟ್ಟಿದ್ದಾರೆ ಎಂದು ಅವರೇ ಹೇಳಿದ್ದರು. ಇಲ್ಲದ ಊರನ್ನು ಹಾಕಿ ಅರ್ಜಿ ವಾಪಸು ಬಂದರೆ ಬೈಸಿಕೊಳ್ಳುವವನು ನಾನು. ಹಾಗಾಗಿ ಆ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದು ಮುಂದಕ್ಕೆ ಹೋಗುತ್ತಿದ್ದೆ. ಅವರು ಸ್ಕ್ರೀನಿನ ಕಡೆ ಬಗ್ಗಿ, "ಯಾ ಹಮೀದ್, ನಾನು ಈ ಗೆರೆಯ ಮೇಲೆ ವಾಸ ಮಾಡ್ಲಿಕ್ಕೆ ಆಗ್ತದಾ?" ಎಂದು ಕೇಳುತ್ತಿದ್ದರು. ಇಬ್ಬರೂ ನಗುತ್ತಿದ್ದೆವು. ನಕ್ಕದ್ದು ಈಗ ನೆನಪಾದರೆ ಮೈ ಹಿಡಿಯಾಗುತ್ತದೆ.

ಒಮ್ಮೆ ನಾನೇ ತಡೆಯಲಾರದೆ ಕೇಳಿದೆ. "ನೀವು ಹುಟ್ಟಿದ್ದೇ ಅಲ್ಲಿ ಅಲ್ಲ. ಹೋಗದ ಊರಿಗೆ ಮರಳುವುದು ಅಂದ್ರೆ ಎಂತ?"

ಅವರು ಸಿಟ್ಟಾಗಲಿಲ್ಲ. "ನಿನ್ನ ಮಗಳು ಹುಟ್ಟಿದ್ದು ಎಲ್ಲಿ?"

"ಮಸ್ಕತ್‌ನಲ್ಲಿ."

"ಅವಳ ಕಾಯಂ ವಿಳಾಸ ಎಲ್ಲಿಯದ್ದು ಬರೀತಿ?"

"ಪಾಣೆಮಂಗಳೂರು."

"ಹಾಂ," ಅಂದರು, ಟೇಪನ್ನು ಎಳೆದು ಟಕ್ ಎಂದು ಒಳಗೆ ಬಿಟ್ಟರು.

ಅಬು ಯೂಸುಫ್‌ಗೆ ಎರಡು ಸಂಗತಿ ಬಾಯಿಪಾಠ. ಒಂದು, ಲೋಕದ ದೇಶಗಳು ಕೂಡಿದ ಸಾಮಾನ್ಯ ಸಭೆ ೧೯೪೮ರ ಡಿಸೆಂಬರಿನಲ್ಲಿ ಒಪ್ಪಿದ ನೂರ ತೊಂಬತ್ತನಾಲ್ಕನೇ ಠರಾವಿನ ಹನ್ನೊಂದನೇ ಪ್ಯಾರಾ. ಮನೆಗೆ ಮರಳಿ ನೆರೆಯವರೊಂದಿಗೆ ಶಾಂತಿಯಿಂದ ಬಾಳಲು ಬಯಸುವ ನಿರಾಶ್ರಿತರಿಗೆ ಸಾಧ್ಯವಾದಷ್ಟು ಬೇಗ ಅವಕಾಶ ಕೊಡಬೇಕು, ಮರಳಲು ಇಷ್ಟವಿಲ್ಲದವರ ಆಸ್ತಿಗೆ ಪರಿಹಾರ ಸಿಗಬೇಕು ಎಂದು ಅದರ ಸಾರ. ಎರಡನೆಯದು, ಆಮೇಲೆ ದೇಶಗಳು ಸಹಿ ಹಾಕಿದ ನಾಗರಿಕ ಹಕ್ಕುಗಳ ಒಡಂಬಡಿಕೆಯ ಒಂದು ಸಾಲು: ತನ್ನ ಸ್ವಂತ ದೇಶವನ್ನು ಪ್ರವೇಶಿಸುವ ಹಕ್ಕನ್ನು ಯಾರಿಂದಲೂ ಮನಬಂದಂತೆ ಕಿತ್ತುಕೊಳ್ಳುವಂತಿಲ್ಲ. "ಠರಾವು ಬರೀ ಶಿಫಾರಸು, ಆಜ್ಞೆ ಅಲ್ಲ ಅಂತ ವಾದಿಸುವವರು ಇದ್ದಾರೆ. ಸ್ವಂತ ದೇಶ ಅಂದ್ರೆ ಯಾವುದು ಅಂತ ಕೇಳುವವರೂ ಇದ್ದಾರೆ. ವಾದ ಮಾಡ್ಲಿ, ಅದಕ್ಕೇ ವಕೀಲರು ಇರುವುದು," ಎನ್ನುತ್ತಿದ್ದರು. "ಆದ್ರೆ ಹಕ್ಕು ಅಂದ್ರೆ ಗಂಟು ಕಟ್ಟಿ ನಾಳೆಯೇ ಹೊರಡುವುದು ಅಲ್ಲ ಹಮೀದ್. ಹೋಗ್ಬೇಕಾ ಬೇಡವಾ ಅಂತ ಹೇಳುವವನು ನಾನು, ಬೇರೆಯವನು ಅಲ್ಲ. ಅಷ್ಟೇ." ಸಾಧ್ಯವಾದಷ್ಟು ಬೇಗ ಎಂಬ ಮಾತು ಬಂದಾಗ ಮಾತ್ರ ಅವರಿಗೆ ನಗು. "ಆ ಬೇಗ ನನಗಿಂತ ಹತ್ತು ವರ್ಷ ದೊಡ್ಡದು," ಎನ್ನುವರು.

ನಾನು ಹಾಂ ಹೂಂ ಅನ್ನುತ್ತ ಟೈಪ್ ಮಾಡುತ್ತಿದ್ದೆ. ಆ ಎರಡನೆಯ ಸಾಲು ನನ್ನ ಬಾಯಿಯಿಂದಲೇ ಒಮ್ಮೆ ಬಂದದ್ದು ನನಗೆ ಮರೆತೇ ಹೋಗಿತ್ತು, ಅವರಿಗೆ ಮರೆತಿರಲಿಲ್ಲ. ಕೊರೋನಾ ಲಾಕ್‌ಡೌನಿನಲ್ಲಿ ವಿಮಾನಗಳು ನಿಂತಿದ್ದಾಗ ಊರಿನಲ್ಲಿ ಉಮ್ಮನಿಗೆ, ನನ್ನ ತಾಯಿಗೆ, ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದ್ದರು. ನಾನು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತು ಸಣ್ಣ ಮಗುವಿನಂತೆ ಅಳುತ್ತ, ಇದು ಯಾವ ನ್ಯಾಯ, ನನ್ನ ದೇಶಕ್ಕೆ ನಾನು ಹೋಗುವುದನ್ನು ತಡೆಯಲು ಇವರು ಯಾರು ಎಂದು ಕೂಗಾಡಿದ್ದೆ. ಎರಡು ಮಾರು ದೂರದಲ್ಲಿ ಮಾಸ್ಕ್ ಹಾಕಿಕೊಂಡು ಕೂತು ಅದನ್ನೆಲ್ಲ ಕೇಳಿದವರು ಅಬು ಯೂಸುಫ್. ನನ್ನ ಹೆಸರನ್ನು ವಿಮಾನದ ಪಟ್ಟಿಗೆ ಹಾಕಿಸಲು ನನಗಿಂತ ಹೆಚ್ಚು ಫೋನ್ ಮಾಡಿದವರೂ ಅವರೇ. ಎರಡೂವರೆ ತಿಂಗಳಲ್ಲಿ ನಾನು ಹೋದೆ, ಉಮ್ಮ ಗುಣವಾದರು. ಬರೀ ಎರಡೂವರೆ ತಿಂಗಳ ತಡೆಗೇ ಕೂಗಿ ಕೂಗಿ ನನ್ನ ಗಂಟಲು ಹರಿದುಹೋಗಿತ್ತು.

ಮತ್ತೆ ಗಾಝಾದ ಯುದ್ಧ ಸುರುವಾದ ವರ್ಷ ಬಂತು. ಆ ಚಳಿಗಾಲದಲ್ಲಿ ನಾವೆಲ್ಲ ಬಹಳ ಒಳ್ಳೆಯವರಾಗಿದ್ದೆವು. ಶುಕ್ರವಾರದ ಜುಮಾ ನಮಾಝಿನಲ್ಲಿ ಗಾಝಾದವರಿಗಾಗಿ ಮಾಡುವ ದುಆಕ್ಕೆ ನನ್ನ ಆಮೀನ್ ಎಲ್ಲರಿಗಿಂತ ಗಟ್ಟಿ. ಫೋನಿನ ಸ್ಟೇಟಸ್ಸಿನಲ್ಲಿ ದಿನಕ್ಕೊಂದು ಚಿತ್ರ ಹಾಕುತ್ತಿದ್ದೆ. ಮನೆಯಲ್ಲಿ ಬಹಿಷ್ಕಾರದ ಪಟ್ಟಿಯಲ್ಲಿದ್ದ ಇಂಥಿಂಥ ಕೋಲಾ ಕುಡಿಯಬಾರದೆಂದು ಕಾನೂನು ಮಾಡಿದೆ, ಅಫ್ರಾಳ ಬರ್ತ್‌ಡೇಗೆ ತಂದ ಬಾಟಲಿಯನ್ನು ನಾನೇ ಸಿಂಕಿಗೆ ಸುರಿದು, ಅದರ ವಿಡಿಯೋವನ್ನು ಊರಿನ ಗ್ರೂಪಿಗೆ ಕಳಿಸಿದೆ. ಮೂವತ್ತೆಂಟು ಜನ ಹೆಬ್ಬೆರಳು ಎತ್ತಿದರು. ಅಬು ಯೂಸುಫ್ ಆ ದಿನಗಳಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಬಂದು ಕೂರುವರು, ನಾನು ಕೊಟ್ಟ ಚಾ ಕುಡಿಯುವರು, ಹೋಗುವರು.

ಫೆಬ್ರವರಿಯಲ್ಲೋ ಮಾರ್ಚಿನಲ್ಲೋ ಅವರು ಒಂದು ಎಕ್ಸ್‌ರೇ ಕವರ್ ಹಿಡಿದುಕೊಂಡು ಬಂದರು. ಯಾರಿಗೆ ಏನಾಯಿತೋ ಎಂದು ನನಗೆ ಗಾಬರಿ. ಒಳಗಿದ್ದದ್ದು ಒಂದೇ ಹಾಳೆ. ಅಂಚೆಲ್ಲ ಕಂದಿತ್ತು, ಮಡಿಕೆಯ ಜಾಗದಲ್ಲಿ ಬೆಳಕು ಕಾಣುತ್ತಿತ್ತು. ಬ್ರಿಟಿಷರ ಕಾಲದ ಭೂ ನೋಂದಣಿಯ ಕಾಗದ. ಇಂಗ್ಲಿಷ್, ಅರಬಿ, ಹೀಬ್ರೂ ಮೂರೂ ಅಚ್ಚಾಗಿದ್ದವು. ಅವರ ಅಪ್ಪನ ಹೆಸರಿನಲ್ಲಿ ಒಂದು ಹೊಲ, ಒಂದು ಬಾವಿಯಲ್ಲಿ ಮೂರನೇ ಒಂದು ಪಾಲು. ಹಿಂಬದಿಯಲ್ಲಿ ಶಾಯಿಯಲ್ಲಿ ಏನೇನೋ ದಾಖಲು. ಅದನ್ನು ಇಷ್ಟು ವರ್ಷ ಕಾಪಾಡಿದವರು ಶಿಬಿರದಲ್ಲೇ ಉಳಿದ ಅವರ ಅಕ್ಕ ಹಲೀಮಾ, ಈಗ ತಮ್ಮನ ಕೈಗೆ ಸೇರಿಸಿದ್ದರು. ಕುಟುಂಬದಲ್ಲಿ ಆ ಹಳ್ಳಿಯಲ್ಲಿ ಹುಟ್ಟಿದವರ ಪೈಕಿ ಬದುಕಿದ್ದವರು ಹಲೀಮಾ ಒಬ್ಬರೇ. ಅಲ್ಲಿಂದ ಹೊರಟಾಗ ಅವರಿಗೆ ಮೂರು ವರ್ಷ.

"ನಿರಾಶ್ರಿತರ ಆಸ್ತಿಯ ದಾಖಲೆ ಸೇರಿಸುವ ಕೆಲವು ವಕೀಲರಿದ್ದಾರೆ," ಅಂದರು ಅಬು ಯೂಸುಫ್. "ಒಂದು ದಿನ ಕೋರ್ಟೋ ಆಯೋಗವೋ ಕೂತು ಕೇಳಿದ್ರೆ ತೋರಿಸ್ಲಿಕ್ಕೆ ಕಡತ ಇರ್ಬೇಕಲ್ಲ. ಮೂಲ ಕಾಗದ ಅವರು ಕಣ್ಣಿಂದ ನೋಡ್ಬೇಕು. ಅಕ್ಕನಿಗೆ ಎಪ್ಪತ್ತೊಂಬತ್ತು. ಅವಳ ಹೆಸರು ಕಡತದಲ್ಲಿ ಬರುವುದನ್ನು ಅವಳಿಗೆ ನೋಡ್ಬೇಕಂತೆ." ಮತ್ತೆ ನನ್ನ ಬಲಗೈ ಹಿಡಿದು ಹೆಬ್ಬೆರಳನ್ನು ಹಾಳೆಯ ಮೂಲೆಯ ಮೇಲೆ ಇಟ್ಟರು. "ಮುಟ್ಟಿ ನೋಡು."

ಅಲ್ಲಿ ಒಂದು ಉಬ್ಬು ಮುದ್ರೆ ಇತ್ತು. ಶಾಯಿ ಇಲ್ಲದೆ, ಕಾಗದವನ್ನೇ ಒತ್ತಿ ಎಬ್ಬಿಸಿದ ಮುದ್ರೆ. ಕಣ್ಣಿಗೆ ಸರಿಯಾಗಿ ಕಾಣದು, ಬೆರಳಿಗೆ ಸ್ಪಷ್ಟ. ಶಿಬಿರದಲ್ಲಿ ಅಪ್ಪ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಒಬ್ಬೊಬ್ಬರ ಹೆಬ್ಬೆರಳು ಹಿಡಿದು ಅದನ್ನು ಮುಟ್ಟಿಸುತ್ತಿದ್ದರಂತೆ. ಕಾಗದ ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಈ ಉಬ್ಬು ಸರಕಾರದ್ದು ಎನ್ನುತ್ತಿದ್ದರಂತೆ. ನನ್ನ ಹೆಬ್ಬೆರಳು ಅದರ ದುಂಡು ಅಂಚಿನ ಮೇಲೆ ಒಂದು ಸುತ್ತು ಹೋಯಿತು. ನಾನು ಮುಟ್ಟಿದ್ದೇನೆ. ಇದು ಮುಂದೆ ಮುಖ್ಯವಾಗುತ್ತದೆ.

ಏಪ್ರಿಲಿನಲ್ಲಿ ಮಳೆ ಬಂತು. ಒಮಾನಿನ ಮಳೆ ವರ್ಷಕ್ಕೆ ಎರಡು ದಿನದ್ದು, ಆದರೆ ಬಂದರೆ ನೀರು ಹೋಗಲು ಬೀದಿಗೆ ಚರಂಡಿ ಎಂಬುದೇ ಇಲ್ಲ. ಮಬೇಲಾದ ರಸ್ತೆಯಲ್ಲಿ ಕೆಂಪು ನೀರು ಕಾರಿನ ಬಾಗಿಲಿಗೆ ಬಂತು. ಅಬು ಯೂಸುಫ್‌ರ ಕೋಣೆ ನೆಲಮಾಳಿಗೆಯಂತೆ ತಗ್ಗಿನಲ್ಲಿತ್ತು. ಬೆಳಗ್ಗೆ ಅವರು ಎಕ್ಸ್‌ರೇ ಕವರನ್ನು ಅಂಗಿಯೊಳಗೆ ಎದೆಗೆ ಅವಚಿಕೊಂಡು ಬಂದರು. ಎರಡೂ ಬದಿ ಚೆನ್ನಾಗಿ ಸ್ಕ್ಯಾನ್ ಮಾಡಿಡು, ಆ ವಕೀಲರ ಪೈಕಿ ಒಬ್ಬಾಕೆ ಮುಂದಿನ ವಾರ ಮಸ್ಕತ್‌ಗೆ ಬರುತ್ತಾರೆ ಅಂದರು. ಅಷ್ಟರಲ್ಲಿ ಕರೆಂಟು ಹೋಯಿತು. ನಾಳೆ ಬರುತ್ತೇನೆ, ನಿನ್ನಲ್ಲಿ ಕ್ಷೇಮವಾಗಿರಲಿ ಎಂದು ಕೊಟ್ಟು, ಕೋಣೆಯ ನೀರು ಎತ್ತಲು ಹೋದರು.

ಇಲ್ಲಿ ನನ್ನ ಮನೆಯ ಒಂದು ಕತೆ ಹೇಳಬೇಕು. ನಾನು ಚಿಕ್ಕವನಿದ್ದಾಗ ನೇತ್ರಾವತಿ ಉಕ್ಕಿ ನಮ್ಮ ಮನೆಗೆ ಮೊಣಕಾಲುದ್ದ ನೀರು ಬಂದಿತ್ತು. ಪೆಟ್ಟಿಗೆಯಲ್ಲಿದ್ದ ಕಾಗದಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾದವು. ಉಮ್ಮ ಒಲೆಯ ಪಕ್ಕ ಕೂತು ಗುಂಡುಸೂಜಿಯಿಂದ ಒಂದೊಂದೇ ಪದರ ಬಿಡಿಸಿದ್ದರು. ಆಮೇಲೆ ನಮ್ಮ ಮನೆಗೆ ಲ್ಯಾಮಿನೇಷನ್ನಿನ ಹುಚ್ಚು ಹಿಡಿಯಿತು. ರೇಷನ್ ಕಾರ್ಡ್, ಮಾರ್ಕ್ಸ್ ಕಾರ್ಡ್, ಪಹಣಿ, ನಿಕಾಹ್‌ನ ಕಾಗದ, ಕೊನೆಗೆ ಬಾಪನ ಹಾರ್ಟಿನ ಡಾಕ್ಟರು ಗೀಚಿಕೊಟ್ಟ ಚೀಟಿಗೂ ಪ್ಲಾಸ್ಟಿಕ್ ಹಾಕಿಸಿದ್ದೆವು. ಮದ್ದು ಬದಲಾದಾಗ ಡಾಕ್ಟರಿಗೆ ಅದರ ಮೇಲೆ ಬರೆಯಲಾಗದೆ ನಗೆಪಾಟಲಾಯಿತು. ಕಾಗದವನ್ನು ಪ್ರೀತಿಸುವುದೆಂದರೆ ಅದಕ್ಕೆ ಪ್ಲಾಸ್ಟಿಕ್ ಹಚ್ಚುವುದು ಎಂದೇ ನಾನು ಬೆಳೆದದ್ದು.

ಕರೆಂಟು ಮಧ್ಯಾಹ್ನದ ಮೇಲೆ ಬಂತು. ಆ ಹೊತ್ತಿಗೆ ಅಂಗಡಿಯ ಸೀಲಿಂಗಿನಿಂದ ಒಂದೊಂದೇ ಹನಿ ಮೇಜಿನ ಮೇಲೆ ಬೀಳುತ್ತಿತ್ತು. ಒಂದು ಹನಿ ಎಕ್ಸ್‌ರೇ ಕವರಿನ ಮೇಲೆ ಬಿತ್ತು. ಕವರನ್ನು ಎತ್ತಿ ಅಂಗಿಗೆ ಒರೆಸಿದೆ. ಸ್ಕ್ಯಾನ್ ಆಮೇಲೆ ಮಾಡಿದರಾಯಿತು, ಮೊದಲು ಇದನ್ನು ಉಳಿಸಬೇಕು ಎಂದು ಮಿಷನ್ ಬಿಸಿ ಮಾಡಿದೆ. ಅಂಗಡಿಯಲ್ಲಿದ್ದ ಅತಿ ದಪ್ಪ ಹಾಳೆ ಆರಿಸಿದೆ. ಮಡಿಕೆಗಳನ್ನು ಕೈಯಿಂದ ನೇವರಿಸಿ ಸರಿಮಾಡಿ ಒಳಗೆ ಕಳಿಸಿದೆ. ಆಚೆ ಬದಿಯಿಂದ ಅದು ಹೊಳೆಯುತ್ತ ಬಂತು. ಒಂದು ಗುಳ್ಳೆ ಇಲ್ಲ, ಒಂದು ಸುಕ್ಕು ಇಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಅವರಿಗೆ ಫೋನ್ ಮಾಡಿ, ನಾಳೆ ಬನ್ನಿ, ನಿಮಗೊಂದು ಸರ್‌ಪ್ರೈಸ್ ಉಂಟು ಎಂದೆ.

ಮರುದಿನ ಅವರು ಬಂದರು. ನಾನು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಅವರು ಮೊದಲು ಮಾಡಿದ್ದು ಹೆಬ್ಬೆರಳನ್ನು ಆ ಮೂಲೆಗೆ ಒಯ್ದದ್ದು. ಬೆರಳು ಜಾರಿತು. ಮತ್ತೊಮ್ಮೆ ಇಟ್ಟರು, ಮತ್ತೊಮ್ಮೆ ಜಾರಿತು. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. ಬಿಸಿ ರೋಲರಿನ ನಡುವೆ ಉಬ್ಬು ಚಪ್ಪಟೆಯಾಗಿ ಹೋಗಿತ್ತು.

"ಇದನ್ನು ತೆಗೀಲಿಕ್ಕೆ ಆಗ್ತದಾ?" ಎಂದು ಮೆಲ್ಲಗೆ ಕೇಳಿದರು.

ಆಗುವುದಿಲ್ಲವೆಂದು ನನಗೆ ಗೊತ್ತು, ತೆಗೆದರೆ ಶಾಯಿಯ ಸಮೇತ ಬರುತ್ತದೆ. ತಪ್ಪಾಯಿತು ಎಂಬ ಒಂದು ಮಾತು ಸಾಕಿತ್ತು. ಅದರ ಬದಲು ನನಗೆ ಸಿಟ್ಟು ಬಂತು. ಒಳ್ಳೆಯದು ಮಾಡಲು ಹೋದವನ ಮೇಲೆ ತಪ್ಪು ಬಂತಲ್ಲ ಎಂಬ ಸಿಟ್ಟು. ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ಅವರೆದುರು ನಾನು ಹೇಳಿದೆ:

"ಎಂತ ಹೋಯ್ತು ಈಗ ಅಬು ಯೂಸುಫ್? ಅಕ್ಷರ ಎಲ್ಲ ಕಾಣ್ತದಲ್ಲ. ಹೇಗಿದ್ದರೂ ನೀವು ಅಲ್ಲಿಗೆ ಹೋಗುವುದುಂಟಾ?"

ಪಕ್ಕದ ವರ್ಕ್‌ಶಾಪಿನ ಕಟ್ಟಿಂಗ್ ಮಿಷನ್ ಅದೇ ಗಳಿಗೆಯಲ್ಲಿ ನಿಂತಿತ್ತು. ಹಾಗಾಗಿ ನನ್ನ ಮಾತು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು. ಅವರು ಕಾಗದವನ್ನು ಕವರಿನೊಳಗೆ ಹಾಕಲು ನೋಡಿದರು. ಪ್ಲಾಸ್ಟಿಕ್ಕಿನ ಅಂಚು ಸೇರಿ ಅದೀಗ ದೊಡ್ಡದಾಗಿತ್ತು, ಒಳಗೆ ಹೋಗಲಿಲ್ಲ. ಹಾಗೇ ಕೈಯಲ್ಲಿ ಹಿಡಿದುಕೊಂಡು, ನನಗೆ ಸಲಾಂ ಹೇಳಿ ಹೋದರು. ಸಲಾಂ ಹೇಳದೆ ಹೋಗಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಆದರೂ ವಕೀಲೆ ಬಂದ ದಿನ ಅವರನ್ನು ಬೌಷರಿನ ಒಂದು ಮಾಲ್‌ಗೆ ಕರೆದುಕೊಂಡು ಹೋದದ್ದು ನಾನೇ, ನನ್ನ ಕಾರಿನಲ್ಲೇ. ಪ್ರಾಯಶ್ಚಿತ್ತ ಎಂದುಕೊಂಡಿದ್ದೆ. ಕಾಫಿ ಅಂಗಡಿಯ ಮೂಲೆಯ ಮೇಜಿನಲ್ಲಿ ಆಕೆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕಾಗದದ ನಾರು, ಶಾಯಿ, ಮುದ್ರೆ ಯಾವುದನ್ನೂ ಪ್ಲಾಸ್ಟಿಕ್ಕಿನೊಳಗಿಂದ ಪರೀಕ್ಷಿಸಲಾಗದು, ಎದುರು ವಕೀಲರು ಇದನ್ನು ಬಣ್ಣದ ಝೆರಾಕ್ಸ್ ಎನ್ನಬಹುದು ಅಂದರು. ಯಾರು ಮಾಡಿದ್ದು ಎಂದು ಕೇಳಿದರು.

"ಒಬ್ಬ ಸ್ನೇಹಿತ," ಅಂದರು ಅಬು ಯೂಸುಫ್. ನನ್ನ ಕಡೆ ನೋಡಲಿಲ್ಲ. ನಾನು ನನ್ನ ಕಾಫಿಯ ಕಪ್ಪಿನೊಳಗೆ ನೋಡುತ್ತ ಕೂತಿದ್ದೆ.

ಒಂದು ದಾರಿ ಇದೆ ಅಂದರು ಆಕೆ. ಆ ಸ್ನೇಹಿತ ಲಿಖಿತ ಹೇಳಿಕೆ ಕೊಡಬೇಕು. ಇಂಥ ದಿನ ಮೂಲ ಕಾಗದವನ್ನು ಕಂಡಿದ್ದೆ, ಉಬ್ಬು ಮುದ್ರೆಯನ್ನು ಮುಟ್ಟಿದ್ದೆ, ಆಮೇಲೆ ನಾನೇ ಲ್ಯಾಮಿನೇಷನ್ ಮಾಡಿದೆ ಎಂದು. ಕುಟುಂಬದವನಲ್ಲದ, ಆ ದೇಶದವನೂ ಅಲ್ಲದ ಸಾಕ್ಷಿಗೆ ತೂಕ ಇರುತ್ತದೆ. ಹಾಗಾದರೆ ಹಲೀಮಾ ಅವರ ಹೆಸರಿನಲ್ಲಿ ಕಡತ ತೆರೆಯಬಹುದು.

ಎರಡು ದಿನ ಬಿಟ್ಟು ಅಬು ಯೂಸುಫ್ ಆ ಹೇಳಿಕೆಯನ್ನು ತಾವೇ ಬರೆದು ತಂದರು. ನಕ್ಷೆ ಬರೆಯುವವರ ಕೈ, ಅರಬಿಯಲ್ಲೂ ಇಂಗ್ಲಿಷಿನಲ್ಲೂ ಒಂದೇ ಹಾಳೆಯಲ್ಲಿ, ಅಳತೆ ಹಿಡಿದು ಬರೆದ ಸಾಲುಗಳು. ನನ್ನನ್ನು ಅದರಲ್ಲಿ ಎಲ್ಲಿಯೂ ತಪ್ಪಿತಸ್ಥ ಎಂದಿರಲಿಲ್ಲ. ಮಳೆಯಿಂದ ರಕ್ಷಿಸುವ ಸದುದ್ದೇಶದಿಂದ ಎಂದು ಬರೆದಿದ್ದರು. ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

ನನ್ನ ಕೈ ಪೆನ್ನಿಗೆ ಹೋಗಲಿಲ್ಲ. ಮನಸ್ಸಿನೊಳಗೆ ಒಂದೊಂದೇ ಏಳತೊಡಗಿತು. ಪರದೇಶದಲ್ಲಿ ಬದುಕುವವನು ನಾನು, ಇದು ರಾಜಕೀಯದ ಕಾಗದ, ಇದರ ಪ್ರತಿ ಎಲ್ಲೆಲ್ಲಿಗೆ ಹೋಗುತ್ತದೋ, ನಾಳೆ ಮಂಗಳೂರು ಏರ್‌ಪೋರ್ಟಿನಲ್ಲಿ ಯಾರಾದರೂ ನಿಲ್ಲಿಸಿ ಕೇಳಿದರೆ, ಕಫೀಲನಿಗೆ, ಅಂದರೆ ನನ್ನ ವೀಸಾಕ್ಕೆ ಹೊಣೆಯಾದ, ಅಂಗಡಿಯ ಲೈಸೆನ್ಸ್ ತನ್ನ ಹೆಸರಿನಲ್ಲಿರುವ ಒಮಾನಿಗೆ, ಗೊತ್ತಾಗಿ ಖಲಾಸ್ ಎಂದುಬಿಟ್ಟರೆ. "ಕಫೀಲನ ಹತ್ರ ಒಂದು ಮಾತು ಕೇಳಿ ಹಾಕ್ತೇನೆ, ಅಬು ಯೂಸುಫ್," ಅಂದೆ.

"ಕೇಳು. ಅವಸರ ಇಲ್ಲ," ಅಂದರು. ಅವಸರ ಇತ್ತು. ನಾನು ಕೇಳಲಿಲ್ಲ. ವಾರಕ್ಕೊಮ್ಮೆ ಅವರು ಬಂದು ಚಾ ಕುಡಿದು, ಏನೂ ಕೇಳದೆ ಹೋಗುತ್ತಿದ್ದರು. ಕಫೀಲ ಊರಲ್ಲಿಲ್ಲ ಅಂದೆ, ಹಜ್‌ಗೆ ಹೋಗಿದ್ದಾರೆ ಅಂದೆ, ಹುಷಾರಿಲ್ಲ ಅಂದೆ. ಪಾಪ, ಆ ಮನುಷ್ಯ ದಿನಾ ಸಂಜೆ ನನ್ನ ಅಂಗಡಿಯ ಮುಂದೆಯೇ ಕಾರು ನಿಲ್ಲಿಸಿ ಮಸೀದಿಗೆ ಹೋಗುತ್ತಿದ್ದರು. ಅಬು ಯೂಸುಫ್ ಅದೇ ಮಸೀದಿಗೆ ಹೋಗುವವರು. ನನ್ನ ಸುಳ್ಳು ಅವರಿಗೆ ಮೊದಲ ವಾರವೇ ಗೊತ್ತಾಗಿರಬೇಕು. ಒಂದು ಶುಕ್ರವಾರ ಸಾಲಿನಲ್ಲಿ ನನ್ನ ಪಕ್ಕವೇ ಕೂತಿದ್ದರು. ಪ್ರವಚನ ಮುಗಿಸಿ ಖತೀಬರು ಗಾಝಾಕ್ಕಾಗಿ ದುಆ ಮಾಡಿದರು. ನನ್ನ ಬಾಯಿಂದ ಆಮೀನ್ ಬರಲಿಲ್ಲ.

ಜುಲೈಯಲ್ಲಿ, ಡಾಂಬರು ಕಾಲಿಗೆ ಅಂಟುವ ಸೆಕೆಯಲ್ಲಿ, ಅವರ ಕೆಲಸ ಮುಗಿಯಿತು. ವರ್ಕ್‌ಶಾಪಿನವರು ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಬೇರೆಯವರನ್ನು ತಂದರು. ವೀಸಾ ರದ್ದು ಮಾಡುವ ಅರ್ಜಿಯನ್ನು ಟೈಪ್ ಮಾಡಿದ್ದು ನಾನು. ಕಾಯಂ ವಿಳಾಸದ ಜಾಗ ಬಂತು. ಈ ಸಲ ಅವರು ಬಗ್ಗಿ ನೋಡಲಿಲ್ಲ, ತಮಾಷೆ ಮಾಡಲಿಲ್ಲ. ನಾನು ಯಾವಾಗಿನಂತೆ ಗೆರೆ ಎಳೆದೆ. ಎಳೆಯದೆ ಊರಿನ ಹೆಸರು ಹಾಕಿದ್ದರೆ ಏನಾಗುತ್ತಿತ್ತು? ಹೆಚ್ಚೆಂದರೆ ಅರ್ಜಿ ವಾಪಸು ಬರುತ್ತಿತ್ತು, ಇನ್ನೊಂದು ಸಲ ಟೈಪ್ ಮಾಡುತ್ತಿದ್ದೆ. ನಿಜವೆಂದರೆ ಆ ಹೊತ್ತಿಗೆ ಊರಿನ ಹೆಸರೇ ನನಗೆ ನೆನಪಿರಲಿಲ್ಲ. ಇಷ್ಟು ವರ್ಷ ಕೇಳಿದ್ದೆ, ಒಂದು ಸಲವೂ ಟೈಪ್ ಮಾಡಿರಲಿಲ್ಲ.

ಹೋಗುವಾಗ ಕೌಂಟರಿನ ಕೆಳಗೆ ಎರಡು ಸೆಂಟಿಮೀಟರಿನ ಒಂದು ಅಲ್ಯೂಮಿನಿಯಂ ತುಂಡು ಇಟ್ಟು ಸಮ ಮಾಡಿಕೊಟ್ಟರು. ಲೆಬನಾನಿಗೆ, ಅಕ್ಕನ ಹತ್ತಿರ, ಅದೇ ಶಿಬಿರಕ್ಕೆ ಹೋದರು.

ಮುಂದಿನ ವರ್ಷ ಅಂಗಡಿ ಬೌಷರಿಗೆ ಸಾಗಿಸುವಾಗ ಡ್ರಾಯರಿನಲ್ಲಿ ಆ ಹಾಳೆ ಕಫೀಲನ ಕೈಗೇ ಸಿಕ್ಕಿತು. ಓದಿದರು. ಇದಕ್ಕೆ ಯಾಕೆ ಸಹಿ ಹಾಕಿಲ್ಲ ಎಂದರು. ನಿಮ್ಮನ್ನು ಕೇಳಬೇಕೆಂದಿದ್ದೆ ಎಂದು ತೊದಲಿದೆ. ಅವರು ಹಾಳೆಯನ್ನು ನನ್ನ ಕೈಗೆ ಕೊಟ್ಟು, "ಕೇಳಿದ್ದರೆ ಎರಡನೇ ಸಾಕ್ಷಿ ಅಂತ ನಾನೂ ಹಾಕ್ತಿದ್ದೆ," ಅಂದರು. ಅಷ್ಟೇ. ಆ ವಾರವೇ ಲ್ಯಾಮಿನೇಷನ್ ಮಿಷನ್ ಮಾರಿದೆ. ಮಿಷನ್ನಿನದ್ದೇ ತಪ್ಪು ಎನ್ನುವ ಹಾಗೆ. ಹಾಳೆಯನ್ನು ಮಾತ್ರ ಹೊಸ ಡ್ರಾಯರಿಗೆ ಹಾಕಿ ಮುಚ್ಚಿದೆ.

ಹೋದ ವಾರ ಅಫ್ರಾ ಅಳುತ್ತ ಮನೆಗೆ ಹೋದ ಮೇಲೆ ಡ್ರಾಯರ್ ಎಳೆದೆ. ಹಾಳೆ ಅಂಚಿನಲ್ಲಿ ಹಳದಿಯಾಗತೊಡಗಿತ್ತು. ಹಳ್ಳಿಯ ಹೆಸರು ಅರಬಿಯಲ್ಲಿ ಸ್ಪಷ್ಟವಾಗಿತ್ತು. ಈ ಸಲ ಮರೆಯದಂತೆ ಬಾಯಲ್ಲಿ ಹೇಳಿ ಹೇಳಿ ಓದಿದೆ. ಅವರನ್ನು ಕೇಳದೆ ಅದನ್ನು ಇಲ್ಲಿ ಬರೆಯಲಾರೆ, ಅವರ ಕಾಗದಕ್ಕೆ ಅವರನ್ನು ಕೇಳದೆ ಮಾಡಿದ್ದು ಒಂದು ಸಲಕ್ಕೆ ಸಾಕು. ಸಹಿ ಹಾಕಿದೆ. ಆ ದಿನದ ತಾರೀಕನ್ನೇ ಹಾಕಿದೆ. ಅದರ ಕೆಳಗೆ ಇಂಗ್ಲಿಷಿನಲ್ಲಿ, ಎರಡು ವರ್ಷ ಹೆದರಿ ತಡಮಾಡಿದೆ, ಅದು ನನ್ನ ತಪ್ಪು ಎಂದು ಒಂದು ಸಾಲು ಸೇರಿಸಿದೆ. ಫೋಟೊ ತೆಗೆದು ಅವರ ಹಳೆಯ ನಂಬರಿಗೆ ಕಳಿಸಿದೆ. ತಲುಪುತ್ತದೆಂಬ ನಂಬಿಕೆ ಇರಲಿಲ್ಲ. ಸಂಜೆ ಉತ್ತರ ಬಂತು.

"ಅಕ್ಕ ಹೋದ ಚಳಿಗಾಲದಲ್ಲಿ ತೀರಿಕೊಂಡಳು, ಹಮೀದ್. ಕಾಗದ ಅವಳ ಜೊತೆ ಹೋಗುವುದಿಲ್ಲ. ಈಗ ನನ್ನದು, ನನ್ನ ನಂತರ ಯೂಸುಫ್‌ನದು. ನಿನ್ನ ಹೇಳಿಕೆಯನ್ನು ವಕೀಲೆಗೆ ಕಳಿಸುತ್ತೇನೆ. ಉಮ್ಮ ಹೇಗಿದ್ದಾರೆ?"

ನಾನು ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟೆ. ಎದುರಿಗೆ ಗಿರಾಕಿ ನಿಂತಿದ್ದರು, ಅವರ ಮುಖ ನೋಡಲು ಆಗಲಿಲ್ಲ. ಹಲೀಮಾಗೆ ಬೇಕಾಗಿದ್ದದ್ದು ತನ್ನ ಹೆಸರನ್ನು ಒಂದು ಕಡತದಲ್ಲಿ ನೋಡುವುದು, ಅಷ್ಟೇ. ಅದಕ್ಕೆ ಬೇಕಾಗಿದ್ದದ್ದು ನನ್ನ ಒಂದು ಸಹಿ.

ಸ್ವಲ್ಪ ಹೊತ್ತಿನಲ್ಲಿ ಫೋನ್ ಮತ್ತೆ ಸದ್ದು ಮಾಡಿತು. ಅವರದ್ದೇ, ಯಾವಾಗಿನ ಹಾಗೆ ಅಳತೆ ತಪ್ಪಿದ್ದನ್ನು ಹಿಡಿದಿದ್ದರು.

"ಒಂದು ಜಾಗ ಖಾಲಿ ಬಿಟ್ಟಿದ್ದೀಯ. ಸಾಕ್ಷಿಯ ಕಾಯಂ ವಿಳಾಸ."

ಹಾಳೆ ತೆಗೆದು ಬರೆದೆ. ಮನೆಯ ಹೆಸರು, ಪಾಣೆಮಂಗಳೂರು ಅಂಚೆ, ಬಂಟ್ವಾಳ ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ, ಕರ್ನಾಟಕ, ಭಾರತ. ಪಿನ್‌ಕೋಡನ್ನೂ ಬರೆದೆ. ನನ್ನ ಕೈ ಒಂದು ಕಡೆಯೂ ನಿಲ್ಲಲಿಲ್ಲ.